ಸುಮ್ಮನೆ ನಿಂತ ಹೊಳೆ

ಹೊಳೆಯ ದಂಡೆಯಲ್ಲೊಂದು ಸಣ್ಣ ಮಠ. ಆ ಮಠದಲ್ಲಿ ಒಬ್ಬ ಅಜ್ಜ, ಒಬ್ಬಳು ಶಿಷ್ಯೆ, ಒಂದು ಸರ್ವರ್.

ಮಠಕ್ಕೆ ಸರ್ವರ್ ಯಾಕೆ ಅಂತ ಮೂಗು ಮುರಿಯುವವರು ಇದ್ದೇ ಇದ್ದರು. ಅಜ್ಜ ಅವರಿಗೆ ಊಟ ಹಾಕಿಸಿ ಕಳಿಸುತ್ತಿದ್ದರು. ಉತ್ತರ ಕೊಡುವ ಗೋಜಿಗೆ ಹೋಗುತ್ತಿರಲಿಲ್ಲ.

ಆ ಸರ್ವರ್ ಮಾಡುತ್ತಿದ್ದದ್ದು ಒಂದೇ ಕೆಲಸ. ಮೇಲಿನ ಊರಿನಲ್ಲಿ ಹೊಳೆಯ ನೀರು ಅಳೆಯುವ ಯಂತ್ರವೊಂದಿತ್ತು. ಸರ್ವರ್ ಅದನ್ನು ಕೇಳಿ ತಿಳಿದು, ನೀರಿನ ಮಟ್ಟವನ್ನು ಒಂದು ಪುಟದಲ್ಲಿ ತೋರಿಸುತ್ತಿತ್ತು. ಕೆಳಗಿನ ದೋಣಿಯವರು ಫೋನಿನಲ್ಲಿ ಆ ಪುಟ ನೋಡಿಯೇ ದೋಣಿ ಬಿಡುತ್ತಿದ್ದರು.

ಮೇಲೆ ಏರಿದ ನೀರು ಇಲ್ಲಿಗೆ ಬಂದು ಮುಟ್ಟಲು ಹೊತ್ತು ಹಿಡಿಯುತ್ತದೆ. ಅಷ್ಟರೊಳಗೆ ಸುದ್ದಿ ಸಿಕ್ಕರೆ ದೋಣಿ ದಂಡೆಯಲ್ಲಿರುತ್ತದೆ. ಸಿಗದಿದ್ದರೆ ನಡುನೀರಿನಲ್ಲಿರುತ್ತದೆ.

ಶಿಷ್ಯೆಯ ಹೆಸರು ನೀಲಾಂಬಿಕೆ. ಅಜ್ಜ ನೀಲವ್ವ ಅನ್ನುತ್ತಿದ್ದರು. ಬುದ್ಧಿ ಚುರುಕು, ಕೈ ಅದಕ್ಕಿಂತ ಚುರುಕು. ತಲೆ ಯೋಚಿಸುವ ಮೊದಲೇ ಬೆರಳು ಕೀಲಿಮಣೆಯ ಮೇಲೆ ಓಡುತ್ತಿತ್ತು.

ಒಂದು ಬೆಳಿಗ್ಗೆ ಅವಳು ಅಜ್ಜನ ಮುಂದೆ ಬಂದು ನಿಂತಳು.

"ಅಜ್ಜಾರ, ಪೇಜ್ ಬರವಲ್ದ್ರಿ."

"ಮತ್ತೇನು ಬರತೈತಿ?"

"ಏನೂ ಇಲ್ರಿ. ಬರೇ ಬೆಳ್ಳಗ ಐತಿ."

"ನಿನ್ನಿ ಏನು ಮಾಡಿದಿ?"

"ಪಿಎಚ್‌ಪಿ ಹಳೇದಾಗಿತ್ರಿ. ಹೊಸಾದು ಹಾಕೀನಿ."

ಪಿಎಚ್‌ಪಿ ಅಂದರೆ ಆ ಪುಟವನ್ನು ಬರೆದಿದ್ದ ಭಾಷೆ.

"ಹಾಕಿದ ಮ್ಯಾಲೆ ಪೇಜ್ ತೆಗದು ನೋಡಿದಿ?"

ನೀಲವ್ವ ನೆಲ ನೋಡಿದಳು. ನೋಡಿರಲಿಲ್ಲ.

ಅಜ್ಜ ಬೈಯಲಿಲ್ಲ. ಸರ್ವರ್ ಇದ್ದ ಕೋಣೆಗೆ ಬಂದು ಅವಳ ಪಕ್ಕದಲ್ಲಿ ಕೂತರು.

"ಬೆಳ್ಳಗ ಐತಿ ಅಂತೀ. ಹೊರಗ ಸುಮ್ಮನಿದ್ದವ್ರು ಒಳಗ ಏನರ ಅಂದಿರ್ತಾರ. ಲಾಗ್ ತೆಗಿ."

ತಪ್ಪಾದಾಗಲೆಲ್ಲ ಸರ್ವರ್ ತನ್ನಷ್ಟಕ್ಕೆ ಬರೆದಿಡುವ ಲಾಗನ್ನು ನೀಲವ್ವ ತೆರೆದಳು. ಕೊನೆಯ ಸಾಲಿನಲ್ಲಿ ಕಾರಣ ಇತ್ತು. ಕರ್ಲ್ ಅನ್ನುವ ಮಾಡ್ಯೂಲ್ ಸಿಗುತ್ತಿಲ್ಲ ಅಂತ ಪುಟ ದೂರುತ್ತಿತ್ತು. ಬೇರೆ ಊರಿನ ಯಂತ್ರದ ಜೊತೆ ಮಾತಾಡಿ ಸುದ್ದಿ ತರುವುದೇ ಆ ಮಾಡ್ಯೂಲಿನ ಕೆಲಸ.

"ಅಷ್ಟನಾ!" ಅಂದಳು ನೀಲವ್ವ. ಟರ್ಮಿನಲ್ಲಿನ ಕಪ್ಪು ಪರದೆ ತೆರೆದು, ನಿನ್ನಲ್ಲಿ ಯಾವ ಯಾವ ಮಾಡ್ಯೂಲ್ ಇವೆ ಅಂತ ಪಿಎಚ್‌ಪಿಯನ್ನೇ ಕೇಳಿದಳು. ಉದ್ದನೆಯ ಪಟ್ಟಿ ಬಂತು. ಪಟ್ಟಿಯಲ್ಲಿ ಕರ್ಲ್ ಇತ್ತು.

ಅವಳ ಹುಬ್ಬು ಗಂಟಾಯಿತು.

"ಅಜ್ಜಾರ, ಇಲ್ಲಿ ಕೇಳಿದ್ರ ಐತಿ ಅಂತೈತ್ರಿ. ಅಲ್ಲಿ ಇಲ್ಲ ಅಂತೈತಿ. ಮಷಿನ್ ಒಂದ, ಮಾತು ಎರಡು."

ಅಜ್ಜನ ಮುಖ ಅರಳಿತು. "ಹೌದಾ? ಭಾಳ ಚಲೋ ಆತಲ್ಲ!"

"ಇದರಾಗ ಚಲೋ ಏನೈತ್ರಿ?"

"ನಿನಗ ತಿಳೀಲಾರದ್ದೊಂದು ಸಿಕ್ಕಿತು. ದಿನಾ ಸಿಗೂದಿಲ್ಲ ಅಂಥಾದ್ದು. ಅದರ ಮುಂದ ಸ್ವಲ್ಪ ಹೊತ್ತು ಸುಮ್ಮನ ಕೂಡು."

ಹಾಗೆಂದು ಅಜ್ಜ ಪೂಜೆಗೆ ಎದ್ದು ಹೋದರು.

ನೀಲವ್ವ ಕೂತಳು. ಕೂರುವುದು ಅವಳಿಗೆ ಒಗ್ಗದ ಕೆಲಸ. ಆದರೂ ಕೂತಳು. ಇನ್ನೂ ಸ್ವಲ್ಪ ಹೊತ್ತು ಕೂರುತ್ತಿದ್ದಳೋ ಏನೋ, ಅಷ್ಟರಲ್ಲಿ ದೋಣಿಯ ದುರಗಪ್ಪ ಬಾಗಿಲಿಗೆ ಬಂದ.

"ನೀಲವ್ವ, ಪೇಜ್ ಯಾಕ ಬರವಲ್ದು?"

"ನೋಡಾಕತ್ತೀನಿ ಕಾಕಾ. ಸ್ವಲ್ಪ ತಡಿ."

"ನಾ ತಡೀತೀನವ್ವ. ಅಲ್ಲಿ ದಿಬ್ಬಣದ ಮಂದಿ ಕೂತೈತಿ. ನಡುಗಡ್ಡಿ ಊರಾಗ ಲಗ್ನ. ಮುಹೂರ್ತ ಮೀರತೈತಿ ಅಂತ ಮದುಮಗನ ಸೋದರಮಾವ ನನ್ನ ತಲಿ ತಿನ್ನಾಕತ್ತಾನ."

"ಹೊಳಿ ಹೆಂಗೈತಿ?"

"ನೀರು ಕೆಂಪಾಗೈತಿ. ಹೊಸ ನೀರು ಬರೂದಂತೂ ಖರೇ. ಒಂದು ಗೇಣು ಬರತೈತೋ, ನನ್ನ ದೋಣೀನ ಮಗಚೂವಷ್ಟು ಬರತೈತೋ, ಅದು ಕಣ್ಣಿಗೆ ಕಾಣೂದಿಲ್ಲ. ಅದಕ್ಕ ನಿನ್ನ ಪೇಜ್ ಬೇಕು."

ನೀಲವ್ವಳ ಬೆರಳು ತುರಿಸತೊಡಗಿದವು. ಹೊರಗೆ ಒಬ್ಬ ಮನುಷ್ಯ ನಿಂತು ಕಾಯುತ್ತಿರುವಾಗ ತಿಳಿಯದ್ದರ ಮುಂದೆ ಕೈ ಕಟ್ಟಿ ಕೂರುವುದು ಅವಳಿಂದಾಗಲಿಲ್ಲ.

ಅವಳು ಆ ಪುಟವನ್ನೇ ತೆರೆದು ಒಂದೆರಡು ಸಾಲು ಸೇರಿಸಿದಳು. ಸುದ್ದಿ ತರುವ ಮಾಡ್ಯೂಲ್ ಸಿಗದಿದ್ದರೆ ನಿಲ್ಲಬೇಡ, ಕಡೆಯ ಸಲ ಸಿಕ್ಕ ಅಂಕಿಯನ್ನೇ ತೋರಿಸು. ಅಷ್ಟೇ ಆ ಸಾಲುಗಳ ಅರ್ಥ.

ಪುಟ ಬಂತು. ಹಸಿರು ಬಣ್ಣದಲ್ಲಿ ನೀರಿನ ಮಟ್ಟ ಬಂತು.

"ಬಂತು ನೋಡು ಕಾಕಾ!"

ದುರಗಪ್ಪ ತನ್ನ ಫೋನಿನಲ್ಲೂ ನೋಡಿದ. "ಭಾಳ ಇಲ್ಲಲ್ಲ ಹಂಗಾದ್ರ. ನಿನ್ನ ಕೈಗೆ ಬಂಗಾರದ ಕಡಗ ಹಾಕಬೇಕವ್ವ."

ಇದು ಸದ್ಯಕ್ಕೆ ಮಾತ್ರ, ಆಮೇಲೆ ಸರಿ ಮಾಡುತ್ತೇನೆ ಅಂತ ಹೇಳಬೇಕೆಂದು ಅವಳ ಮನಸ್ಸಿನಲ್ಲಿತ್ತು. ಅವನ ಸಂತೋಷ ನೋಡಿ ಆ ಮಾತು ಗಂಟಲಲ್ಲೇ ಉಳಿಯಿತು. ಹೊಗಳಿಸಿಕೊಳ್ಳುವಾಗ ಯಾರಿಗೆ ತಾನೇ ನಡುವೆ ಬಾಯಿ ಹಾಕಲು ಮನಸ್ಸಾಗುತ್ತದೆ?

ದುರಗಪ್ಪ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ದಂಡೆಯ ಕಡೆ ನಡೆದ.

ಪೂಜೆ ಮುಗಿಸಿ ಅಜ್ಜ ಬಂದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

"ಏನು, ಪೇಜ್ ಬಂತಂತಲ್ಲ?"

"ಬಂತ್ರಿ."

"ಎರಡು ಮಾತು ಯಾಕಂತ ತಿಳೀತೇನು?"

"ಅದು ತಿಳೀಲಿಲ್ರಿ. ಆದ್ರ ಪೇಜ್ ಬಂತು."

"ಹಂಗೂ ಬರತೈತೇನು!" ಅಜ್ಜನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಎಲ್ಲಿ, ತೋರ್ಸು."

ಅವಳು ತೋರಿಸಿದಳು. ಅಜ್ಜ ಅಂಕಿ ನೋಡಿದರು.

"ಇನ್ನೊಮ್ಮೆ ತೆಗಿ."

ತೆಗೆದಳು. ಅದೇ ಅಂಕಿ.

"ಇನ್ನೊಮ್ಮೆ."

ಅದೇ ಅಂಕಿ.

ಅಜ್ಜ ಕನ್ನಡಕ ಸರಿ ಮಾಡಿಕೊಂಡು ಪರದೆಯ ಹತ್ತಿರಕ್ಕೆ ಬಾಗಿದರು. "ನಾ ಇಷ್ಟು ವರ್ಷ ಈ ದಂಡ್ಯಾಗ ಅದೀನಿ ತಂಗಿ. ಬ್ಯಾಸಗ್ಯಾಗ ಸೈತ ನೀರು ಒಂದು ಕೂದಲೆಳಿಯಷ್ಟರ ಅಲುಗಾಡತೈತಿ. ಇಷ್ಟು ಸುಮ್ಮನ ನಿಂತ ಹೊಳೀನ ನಾ ಎಂದೂ ನೋಡಿಲ್ಲ."

ಅಜ್ಜ ಅವಳ ಕಡೆ ತಿರುಗಿದರು.

"ಇದು ಯಾವಾಗಿನ ಅಂಕಿ?"

"ನಿನ್ನಿ ಸಂಜೀದ್ರಿ." ತಾನು ಏನು ಮಾಡಿದ್ದೇನೆ ಅನ್ನುವುದು ಆಗ ಅವಳಿಗೆ ಪೂರ್ತಿ ಕಂಡಿತು. "ಅಜ್ಜಾರ, ದುರಗಪ್ಪ ಕಾಕಾ ಇದನ್ನ ನೋಡಿ ಹೋದ್ನಿರಿ."

ಅಜ್ಜ ಎದ್ದರು. ಸರ್ವರಿನ ಹಿಂದೆ ಕೈ ಹಾಕಿ ನೆಟ್‌ವರ್ಕಿನ ತಂತಿಯನ್ನು ಕಿತ್ತರು.

"ಅಜ್ಜಾರ! ಪೇಜ್ ಎಲ್ಲಾರಿಗೂ ಬಂದ್ ಆತ್ರಿ!"

"ಆಗಲಿ. ನೀ ದಂಡಿಗೆ ಓಡು."

ನೀಲವ್ವ ಓಡಿದಳು. ಓಡುತ್ತಲೇ ದುರಗಪ್ಪನಿಗೆ ಫೋನ್ ಮಾಡಿದಳು. ಫೋನ್ ಬಡಿದುಕೊಂಡೇ ಇತ್ತು, ಅವನು ಎತ್ತಲಿಲ್ಲ. ಹೊಳೆ ತಿರುಗುವ ಕಡೆಯಿಂದ ದಿಬ್ಬಣದ ಹಲಗೆ ವಾದ್ಯದ ಸದ್ದು ಜೋರಾಗಿ ಕೇಳುತ್ತಿತ್ತು. ಆ ಸದ್ದಿನಲ್ಲಿ, ಚೀಲದೊಳಗಿನ ಫೋನ್ ಅವನಿಗೆ ಕೇಳುವುದಾದರೂ ಹೇಗೆ?

ಸದ್ದು ಇದ್ದಕ್ಕಿದ್ದಂತೆ ನಿಂತಿತು. ದೋಣಿ ಬಿಟ್ಟೇ ಬಿಟ್ಟಿತು ಅಂದುಕೊಂಡಳು ಅವಳು.

ತಿರುವು ದಾಟಿದಳು. ದೋಣಿ ದಂಡೆಯಲ್ಲೇ ಇತ್ತು. ದೋಣಿಯ ತುಂಬ ಜನ. ಮದುಮಗ ಬಾಸಿಂಗ ಕಟ್ಟಿಕೊಂಡು ನಡುವೆ ಕೂತಿದ್ದ. ಅವನ ಸೋದರಮಾವ ಎದ್ದು ನಿಂತು ಕೈ ಬೀಸಿ ಕೂಗಾಡುತ್ತಿದ್ದ. ದುರಗಪ್ಪ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ, ಬಿಚ್ಚಲು ಹಿಡಿದಿದ್ದ ಹಗ್ಗವನ್ನು ಮತ್ತೆ ಗೂಟಕ್ಕೆ ಸುತ್ತುತ್ತಿದ್ದ.

"ಕಾಕಾ, ಯಾಕ ಬಿಡಲಿಲ್ಲ?" ಅವಳಿಗೆ ಏದುಸಿರು.

"ಹೆಂಗ ಬಿಡ್ಲೆವ್ವ? ಮಂದಿ ಕೂತ ಮ್ಯಾಲೆ, ಹಗ್ಗ ಬಿಚ್ಚೂ ಮುಂದ ಒಮ್ಮೆ ನೋಡೂದು ನಮ್ಮ ಪದ್ಧತಿ. ನೋಡಿದ್ರ ಪೇಜ್ ಮತ್ತ ಹೋಗೈತಿ. ಮ್ಯಾಲಿನ ಸುದ್ದಿ ಗೊತ್ತಿಲ್ಲದ ಇಷ್ಟು ಮಂದೀನ ನಡನೀರಿಗೆ ಒಯ್ಯಾಕ ನನಗೇನು ಹುಚ್ಚ?"

ನೀಲವ್ವ ಉಸುಕಿನಲ್ಲಿ ಕುಸಿದು ಕೂತು ಗಳಗಳ ಅತ್ತುಬಿಟ್ಟಳು. ದೋಣಿಯಲ್ಲಿದ್ದವರಿಗೆ ಏನೂ ಅರ್ಥವಾಗಲಿಲ್ಲ.

"ಯಾಕ ಅಳ್ತಿ?"

"ಮೊದಲ ಬಂದಿದ್ದು ನಿನ್ನಿ ಅಂಕಿ ಕಾಕಾ. ನಾನ ಹಂಗ ಮಾಡಿದ್ದೆ. ನಿನಗ ಹೇಳಲಿಲ್ಲ."

ದುರಗಪ್ಪ ಅವಳನ್ನು ನೋಡಿದ. ಆಮೇಲೆ ಕೆಂಪು ನೀರನ್ನು ನೋಡಿದ. ಅವಳಿಗೆ ಏನೋ ಅನ್ನಲು ಬಾಯಿ ತೆರೆದವನು, ದೋಣಿಯ ಕಡೆ ತಿರುಗಿ ಗದರಿದ.

"ಇಳೀರಿ ಎಲ್ಲಾರೂ! ಮದುಮಗನೂ ಇಳೀಲಿ!"

ಇಳಿದ ದಿಬ್ಬಣ ಹೋಗುವುದೆಲ್ಲಿಗೆ? ಮಠಕ್ಕೇ ಬಂತು. ಅಜ್ಜ ಪಂಕ್ತಿ ಹಾಕಿಸಿದರು. ಹಸಿದ ಹೊಟ್ಟೆ, ಮೀರುತ್ತಿರುವ ಮುಹೂರ್ತ, ಮುಖಗಳೆಲ್ಲ ಬಿಗಿದಿದ್ದವು. ದುರಗಪ್ಪ ಮಾತ್ರ ಊಟಕ್ಕೆ ಕೂರದೆ, ದೋಣಿಯನ್ನು ಮೇಲಕ್ಕೆ ಎಳೆದು ಕಟ್ಟಲು ದಂಡೆಯಲ್ಲೇ ಉಳಿದ.

ನೀಲವ್ವ ಸರ್ವರ್ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಹೋಗಲು ಅಂಜಿಕೆ.

"ಮೊದಲ ನೀ ಬರದ ಆ ಸಾಲು ತೆಗಿ," ಅಂದರು ಅಜ್ಜ. "ಮುಂದಿಂದು ಆಮ್ಯಾಲೆ."

ತೆಗೆದಳು. ಪುಟ ಮತ್ತೆ ಬೆಳ್ಳಗಾಯಿತು.

"ಇನ್ನ ಬಾ, ಪಂಕ್ತ್ಯಾಗ ನಿಂತು ಮಂದಿಗೆ ಏನು ಬೇಕು ನೋಡು."

"ಅಜ್ಜಾರ, ಪೇಜ್..."

"ಮಂದಿ ಉಣ್ಣಾಕ ಕೂತೈತಿ. ಬಾ."

ಪಂಕ್ತಿಯಲ್ಲಿ ಸೋದರಮಾವನ ದನಿ ಎಲ್ಲರಿಗಿಂತ ಮೇಲಿತ್ತು. "ಏನ್ರೀ ಅಜ್ಜಾರ, ಮಜ್ಜಿಗಿ ಇಲ್ಲದ ಊಟ ಹಾಕಸ್ತೀರಲ್ಲ! ಇದೇನು ಮಠಾನೋ ಏನು?"

"ಹೋಗಿ ಕೇಳಿ ಬಾ ತಂಗಿ," ಅಂದರು ಅಜ್ಜ.

ನೀಲವ್ವ ಅಡುಗೆಮನೆಗೆ ಹೋಗಿ ಕೇಳಿದಳು. ಅಡುಗೆಯ ಶಾಂತವ್ವ ಕೊಡದ ಮುಚ್ಚಳ ತೆಗೆದೇ ತೋರಿಸಿದಳು.

ನೀಲವ್ವ ವಾಪಸು ಬಂದಳು. "ಐತ್ರಿ ಅಜ್ಜಾರ. ಕೊಡದ ತುಂಬ ಐತಿ."

"ಐತಂತಪ್ಪ," ಅಂದರು ಅಜ್ಜ ಸೋದರಮಾವನಿಗೆ.

"ಎಲ್ಲೈತಿ? ನನ್ನ ತಾಟಿನ್ಯಾಗ ಇಲ್ಲ!"

ಅಜ್ಜ ನೀಲವ್ವಳ ಕಡೆ ತಿರುಗಿದರು. ಅವರ ಕಣ್ಣಿನಲ್ಲಿ ತುಂಟತನ ಇತ್ತು.

"ಶಾಂತವ್ವ ಐತಿ ಅಂತಾಳ. ಇವ್ರು ಇಲ್ಲ ಅಂತಾರ. ಇಬ್ಬರಾಗ ಯಾರು ಸುಳ್ಳು?"

"ಇಬ್ಬರೂ ಸುಳ್ಳಲ್ರಿ. ಮಜ್ಜಿಗಿ ಒಳಗೈತಿ. ಬಡಸಾವನ ಬಕೆಟ್ಟಿನ್ಯಾಗ..."

ಅಲ್ಲಿಗೆ ನಿಂತಳು. ಬಾಯಿ ತೆರೆದೇ ಇತ್ತು.

"ಬಡಸಾವನ ಬಕೆಟ್ಟಿನ್ಯಾಗ?" ಕೇಳಿದರು ಅಜ್ಜ.

"ಅಜ್ಜಾರ, ನಾ ಶಾಂತವ್ವನ್ನ ಕೇಳೀನ್ರಿ! ಬಡಸಾವನ್ನ ಕೇಳೇ ಇಲ್ಲ!"

ಅಷ್ಟು ಹೇಳಿ ಓಡಿಬಿಟ್ಟಳು. ಸೋದರಮಾವನಿಗೆ ಕಡೆಗೆ ಅಜ್ಜನೇ ಮಜ್ಜಿಗೆ ಹಾಕಬೇಕಾಯಿತು.

ಟರ್ಮಿನಲ್ಲಿನಲ್ಲಿ ಕೂತ ಪಿಎಚ್‌ಪಿ ಒಂದು, ಹೊರಗಿನವರಿಗೆ ಪುಟ ಬಡಿಸುವ ಪಿಎಚ್‌ಪಿ ಇನ್ನೊಂದು. ಅವಳು ಮೊದಲನೆಯದನ್ನು ಕೇಳಿ ಎರಡನೆಯದರ ಉತ್ತರ ಅಂದುಕೊಂಡಿದ್ದಳು. ಈಗ, ನಿನ್ನಲ್ಲಿ ಏನೇನಿದೆ ಹೇಳು ಅನ್ನುವ ಒಂದೇ ಸಾಲಿನ ಹೊಸ ಪುಟ ಬರೆದು, ಅದನ್ನು ಬ್ರೌಸರಿನಲ್ಲಿ ತೆರೆದಳು. ಈ ಸಲ ಉತ್ತರ ಕೊಟ್ಟದ್ದು ಬಡಿಸುವವನು. ಅವನ ಪಟ್ಟಿಯಲ್ಲಿ ಕರ್ಲ್ ಇರಲಿಲ್ಲ.

ಅವಳಿಗೆ ನಗು ಬಂತು. ಬೆಳಗಿನಿಂದ ಅದೇ ಮೊದಲ ನಗು.

ಈ ಇಬ್ಬರು ಪಿಎಚ್‌ಪಿಗಳಿಗೂ ಬೇರೆ ಬೇರೆ ಫೋಲ್ಡರ್ ಇದ್ದವು. ಯಾವ ಮಾಡ್ಯೂಲ್ ಎತ್ತಿಕೊಳ್ಳಬೇಕು ಅಂತ ಅವುಗಳಲ್ಲಿ ಬರೆದಿರುತ್ತದೆ. ನಿನ್ನೆ ಅವಸರದಲ್ಲಿ ಅವಳು ಕರ್ಲ್ ಹೆಸರನ್ನು ಟರ್ಮಿನಲ್ಲಿನವನ ಫೋಲ್ಡರಿಗೆ ಮಾತ್ರ ಸೇರಿಸಿದ್ದಳು. ಈಗ ಬಡಿಸುವವನದಕ್ಕೂ ಸೇರಿಸಿ, ಅವನ ಪಟ್ಟಿಯನ್ನು ಮತ್ತೆ ತೆರೆದಳು.

ಇನ್ನೂ ಇಲ್ಲ.

ಬೆರಳು ಮತ್ತೆ ಓಡಲು ಹೊರಟವು. ಅವಳು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು. ಯಾಕಿಲ್ಲ? ಸೇರಿಸಿದ್ದು ಖರೆ. ಇವನಿಗೆ ಕಾಣುತ್ತಿಲ್ಲ, ಅದೂ ಖರೆ. ಇವನು ಆ ಫೋಲ್ಡರನ್ನು ಓದುವುದು ಯಾವಾಗ?

ಎದ್ದಾಗ ಒಂದು ಸಲ ಓದುತ್ತಾನೆ, ಆಮೇಲೆ ಓದುವುದಿಲ್ಲ. ಅದು ಅವಳಿಗೆ ಗೊತ್ತಿದ್ದ ಸಂಗತಿಯೇ. ಪುಟ ಬಡಿಸುವ ವೆಬ್ ಸರ್ವರನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದಳು.

ಪಟ್ಟಿಯಲ್ಲಿ ಕರ್ಲ್ ಬಂತು. ತಾನು ಬರೆದ ಆ ಒಂದು ಸಾಲಿನ ಪುಟವನ್ನು ಅಳಿಸಿ, ತಂತಿಯನ್ನು ಮತ್ತೆ ಸಿಕ್ಕಿಸಿದಳು. ಹೊಳೆಯ ಪುಟ ತೆರೆದಳು.

ಅಂಕಿ ಕೆಂಪು ಬಣ್ಣದಲ್ಲಿ ಬಂತು. ನಿನ್ನೆಯದಕ್ಕಿಂತ ಬಹಳ ಮೇಲಿತ್ತು. ಮತ್ತೆ ತೆಗೆದಳು, ಇನ್ನಷ್ಟು ಏರಿತ್ತು. ಮತ್ತೆ ತೆಗೆದಳು, ಇನ್ನೂ ಸ್ವಲ್ಪ. ಅಲುಗಾಡುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ನೀರು ಬಂತು. ದಿಬ್ಬಣದವರೆಲ್ಲ ಮಠದ ಜಗಲಿಯ ಮೇಲೆ ನಿಂತು ನೋಡಿದರು. ಬೇರು ಸಮೇತ ಕಿತ್ತು ಬಂದ ಮರವೊಂದು ದೋಣಿ ಹೋಗುವ ದಾರಿಯಲ್ಲೇ ಉರುಳುತ್ತಾ ಹೋಯಿತು. ಮುಹೂರ್ತದ ಸುದ್ದಿ ಯಾರೂ ಎತ್ತಲಿಲ್ಲ. ಸೋದರಮಾವ ಮದುಮಗನ ಹೆಗಲ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ. ನಡುಗಡ್ಡೆಯಿಂದ ಹೆಣ್ಣಿನ ಅಪ್ಪ ಫೋನ್ ಮಾಡಿ, ಲಗ್ನ ನೀರು ಇಳಿದ ಮೇಲೆ ಆಗಲಿ, ನೀವೆಲ್ಲ ಇದ್ದೀರಲ್ಲ ಅಷ್ಟು ಸಾಕು ಅಂದ.

ಸಂಜೆ ಅಜ್ಜ ದಂಡೆಯ ಕಟ್ಟೆಯ ಮೇಲೆ ಕೂತಿದ್ದರು. ನೀಲವ್ವ ಬಂದು ಪಕ್ಕದಲ್ಲಿ ಕೂತಳು.

"ಅಜ್ಜಾರ, ನನಗ ಬೈರಿ."

"ಯಾಕ? ನೀ ಬೈಕೊಳ್ಳಾಕತ್ತೀಯಲ್ಲ, ಸಾಲದೇನು?"

"ಒಂದ ಮಾತು ಕೇಳ್ಲಿರಿ?"

"ಕೇಳು."

"ಮಾಡ್ಯೂಲ್ ಈಗ ಸರಿ ಆತ್ರಿ. ನಾಳೆ ಇನ್ನೇನರ ಕೆಡತೈತಿ. ಮ್ಯಾಲಿನ ಯಂತ್ರಾನ ಕೆಟ್ಟೀತು. ಸುದ್ದಿ ಬರಲಾರದಾಗ ಪೇಜಿನ್ಯಾಗ ನಾ ಏನು ತೋರಸ್ಲಿ?"

"ಗೊತ್ತಿಲ್ಲ ಅಂತ ತೋರ್ಸು."

"ಅಷ್ಟನಾ?"

"ದೊಡ್ಡ ಅಕ್ಷರದಾಗ."

ನೀಲವ್ವಳಿಗೆ ಸಮಾಧಾನವಾಗಲಿಲ್ಲ. "ಮಠದ ಪೇಜ್ ಗೊತ್ತಿಲ್ಲ ಅಂದ್ರ ಮಂದಿ ಏನಂದಾರ್ರಿ? ಆಮ್ಯಾಲೆ ನಮ್ಮನ್ನ ಯಾರು ನಂಬ್ತಾರ?"

ಕೆಳಗೆ ದುರಗಪ್ಪ, ಮೇಲಕ್ಕೆಳೆದು ಕಟ್ಟಿದ್ದ ದೋಣಿಯ ಪಕ್ಕದಲ್ಲಿ ಕೂತು ಬೀಡಿ ಹಚ್ಚುತ್ತಿದ್ದ. ಅಜ್ಜ ಅವನ ಕಡೆ ಗದ್ದ ಎತ್ತಿ ತೋರಿಸಿದರು.

"ಮುಂಜಾನೆ ಅಂವಾ ಏನನ್ನ ನಂಬಿ ಹಗ್ಗ ಬಿಚ್ಚಲಿಲ್ಲ, ಹೋಗಿ ಕೇಳಿ ಬಾ."